ದೊರೆಗೈ ಗಾದ್ರಪ್ಪನ ಬರೋ ಕೂಗು

ತುಂಬಾ ಹಿಂದಿನ ಮಾತು ಕಣ್ರವ್ವ. ಎಷ್ಟು ಹಿಂದೆ ಅಂತ ಕೇಳ್ಬೇಡಿ. ನಂಗೆ ಹೇಳಿದ ನಮ್ಮತ್ತೆಗೂ ಗೊತ್ತಿರ್ಲಿಲ್ಲ, ನಮ್ಮತ್ತೆಗೆ ಹೇಳಿದ ಅವಳತ್ತೆಗೂ ಗೊತ್ತಿರ್ಲಿಲ್ಲ. ಗವಿಹಟ್ಟಿ ಅಂತ ಒಂದೂರು. ಅದೇ, ನೀವೀಗ ಕುಂತು ಬೇಳೆ ಆರಿಸ್ತಿರೋ ಊರೇ. ಆ ಊರಲ್ಲಿ ಗಾದ್ರಪ್ಪ ಅಂತ ಒಬ್ಬ ದೊರೆಗೈ ಇದ್ದನಂತೆ.

ದೊರೆಗೈ ಅಂದ್ರೆ ದೊರೆಯ ಕೈ. ನಮ್ಮ ಸೀಮೆಗೆ ಹನ್ನೆರಡು ಹಳ್ಳಿ. ದೊರೆ ಇದ್ದದ್ದು ಮೂರು ದಿನದ ದಾರಿ ಆಚೆ, ಬೆಟ್ಟದ ಮೇಲಿನ ಕೋಟೇಲಿ. ಪ್ರತಿ ಹಳ್ಳಿಗೂ ಬಂದು ಕೂರೋಕೆ ಅವನಿಗೆ ಬೇರೆ ಕೆಲಸ ಇಲ್ವಾ? ಅದಕ್ಕೆ ಮೊದಮೊದಲ ದೊರೆ ಒಬ್ಬ ನಮ್ಮೂರ ಗಡಿಕಲ್ಲಿನ ಹತ್ರ ಕುದುರೆ ಇಳಿದು, ನಾವೀಗ ಕೂತಿರೋ ಈ ಮನೆ ಹಿರೀಕನ್ನ ಕರೆದು, ತನ್ನ ಸೊಂಟದ ಕತ್ತಿ ಬಿಚ್ಚಿ ಕೊಟ್ಟನಂತೆ. ನಾನಿಲ್ಲದ ಕಡೆ ನೀನೇ ನನ್ನ ಕೈ ಅಂದನಂತೆ. ಕತ್ತಿ ಜೊತೆಗೆ ಒಂದು ಕೆಂಪು ರುಮಾಲು ಕೊಟ್ಟ, ಎರಡಾಳು ಹೊರೋವಂಥ ಒಂದು ನಗಾರಿ ಕೊಟ್ಟ. ಅವತ್ತಿಂದ ದೊರೆ ಸೀಮೆಗೆ ಬಂದ್ರೆ ಗಡಿಕಲ್ಲಲ್ಲಿ ಎದುರುಗೊಳ್ಳೋನು ದೊರೆಗೈ. ದೊರೆ ಇಲ್ಲದಾಗ ದೊರೆಯ ಮಾತು ಆಡೋನೂ ದೊರೆಗೈ.

ಈಗ ಅದೆಲ್ಲ ಬರೀ ರುಮಾಲು, ಬರೀ ಮೆರವಣಿಗೆ. ಆವಾಗ ಹಂಗಿರ್ಲಿಲ್ಲ. ಯುದ್ಧ ಬಂದ್ರೆ ಸೀಮೆಯ ಗಂಡಸರನ್ನ ಎಬ್ಬಿಸೋ ನಗಾರಿ ದೊರೆಗೈ ಹತ್ರ ಇತ್ತು. ಅದನ್ನ ದಳವಾಯಿ ಬಾರಿಸಿದ್ರೂ ಯಾರೂ ಏಳ್ತಿರ್ಲಿಲ್ಲ, ದೊರೆ ಮಗ ಬಂದು ಬಾರಿಸಿದ್ರೂ ಏಳ್ತಿರ್ಲಿಲ್ಲ. ದೊರೆಗೈ ಬಾರಿಸಿದ್ರೆ ಮಾತ್ರ ಹನ್ನೆರಡು ಹಳ್ಳಿಯ ನೂರಾಹದಿನಾರು ಮನೆಯಿಂದ ಮನೆಗೊಬ್ಬ ಗಂಡಸು ಗಡಿಕಲ್ಲಿಗೆ ಬರ್ಬೇಕು. ದೊರೆಗೈ ಒಂದೊಂದು ಮನೆ ಹೆಸರು ಹಿಡಿದು ಕೂಗ್ತಾನೆ, ಆ ಮನೆಯೋನು ಓ ಅಂತಾನೆ. ಅದಕ್ಕೆ ಹೋಗೋ ಕೂಗು ಅಂತಿದ್ರು.

ಹೋಗೋ ಕೂಗು ಇದ್ಮೇಲೆ ಬರೋ ಕೂಗೂ ಇರ್ಬೇಕಲ್ಲ. ದಂಡು ವಾಪಸ್ಸು ಬಂದಾಗ ಅದೇ ಕಲ್ಲಿನ ಹತ್ರ, ಅದೇ ಹೆಸರುಗಳನ್ನ, ಅದೇ ಸಾಲಲ್ಲಿ ಕೂಗ್ಬೇಕು. ಬಂದೋನು ತಾನೇ ಬಂದೆ ಅಂತಾನೆ. ಬರದೋನ ಮನೆಯಿಂದ ಅವನ ಹೆಂಡ್ತಿನೋ ತಾಯಿನೋ ನಿಂತು ಬಂದಿಲ್ಲ ಅನ್ಬೇಕು. ಹಂಗಂದ್ರೆ ಮುಗೀತು, ಅವನು ಸತ್ತ ಹಂಗೆ. ಬಳೆ ತೆಗೀತಾರೆ, ತಿಥಿ ಮಾಡ್ತಾರೆ. ಆ ಮನೆಯಿಂದ ಮಾತ್ರ ಸೂರ್ಯ ಚಂದ್ರ ಇರೋವರೆಗೂ ಇನ್ನೊಬ್ಬ ಗಂಡಸನ್ನ ದಂಡಿಗೆ ಕೇಳೋ ಹಂಗಿಲ್ಲ. ಮೂರು ಸಲ ಕೂಗಿದ್ರೂ ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ಅವನಿನ್ನೂ ದಾರೀಲವ್ನೆ ಅಂತ ಅರ್ಥ. ದಾರೀಲಿರೋನ ಮನೆಗೆ ಬಿಡುಗಡೆ ಇಲ್ಲ. ಮತ್ತೆ ನಗಾರಿ ಬಡಿದ್ರೆ ಆ ಮನೆಯಿಂದ ಮತ್ತೊಬ್ಬ ಹೋಗ್ಬೇಕು.

ಬರೋ ಕೂಗು ನಡೆಯೋವಾಗ ದೊರೆ ಅಲ್ಲಿ ನಿಂತಿರ್ಬೇಕು. ತಲೆ ಮೇಲೆ ರುಮಾಲು ಇಲ್ಲ, ಕಾಲಿಗೆ ಎಕ್ಕಡ ಇಲ್ಲ, ಮೇಲೆ ಛತ್ರಿ ಇಲ್ಲ. ಕೊನೇ ಹೆಸರು ಆಗೋವರೆಗೂ ಬಾಯಿ ಬಿಡೋ ಹಂಗಿಲ್ಲ. ನಡುವೆ ದೊರೆ ಮಾತಾಡಿದ್ರೆ ಮೊದಲನೇ ಹೆಸರಿಂದ ಮತ್ತೆ ಶುರು. ಕರ್ಕೊಂಡು ಹೋದೋನು ನಿಂತು ಕೇಳ್ಲಿ ಅಂತ ಯಾರೋ ಬುದ್ಧಿವಂತರು ಮಾಡಿದ್ದು. ಹೆಂಗಸರೇ ಮಾಡಿರ್ಬೇಕು.

ಗಾದ್ರಪ್ಪನ ವಿಷಯಕ್ಕೆ ಬರ್ತೀನಿ. ಅವನ ಗಂಟಲು ಎಂಥದು ಅಂದ್ರೆ, ಇಲ್ಲಿ ಕೂಗಿದ್ರೆ ಮೂರೂರ ಆಚೆ ಎಮ್ಮೆ ತಲೆ ಎತ್ತಿ ನೋಡ್ತಿತ್ತು ಅಂತ ಹೇಳ್ತಾರೆ. ಒಂದ್ಸಲ ಅವನು ಕೆಮ್ಮಿದ್ದಕ್ಕೆ ಕೆರೆ ಮೇಲಿನ ಕೊಕ್ಕರೆ ಎಲ್ಲ ಎದ್ದು ಹೋದ್ವು ಅಂತಾನೂ ಹೇಳ್ತಾರೆ. ನಾನು ನಂಬಲ್ಲ. ಜನಕ್ಕೆ ಬಾಯಿ ಇದೆ, ಬೆಳೆಸ್ತಾರೆ. ಆದ್ರೆ ಓದು ಬರಹ ಬರದ ಮನುಷ್ಯ, ನೂರಾಹದಿನಾರು ಮನೆ ಹೆಸರನ್ನ ಒಂದೂ ತಪ್ಪದೆ, ಒಂದೂ ಹಿಂದುಮುಂದಾಗದೆ ಹೇಳ್ತಿದ್ದ ಅನ್ನೋದು ನಿಜ. ಯಾವ ಮನೇಲಿ ಮಗು ಹುಟ್ಟಿದ್ರೂ ಹೋಗಿ ನೋಡ್ಕೊಂಡು ಬರ್ತಿದ್ದ. ಮುಖ ನೋಡದೆ ಹೆಸರು ನೆನಪಿಟ್ಕೊಂಡ್ರೆ ಅದು ಗಿಣಿ ಕೆಲಸ ಅಂತಿದ್ದನಂತೆ.

ಅವನ ಕಾಲದಲ್ಲಿ ಬಡಗಲ ಕೋಟೆ ಯುದ್ಧ ಬಂತು. ದೊರೆ ಹೇಳಿಕಳಿಸಿದ, ನವಣೆ ಕೊಯ್ಲಿಗೆ ಎಲ್ಲಾರನ್ನೂ ವಾಪಸ್ಸು ಕಳಿಸ್ತೀನಿ ಅಂತ. ಗಾದ್ರಪ್ಪ ನಂಬಿದ. ರುಮಾಲು ಸುತ್ಕೊಂಡು ನಗಾರಿ ಬಡಿದ. ನೂರಾಹದಿನಾರು ಜನ ಬಂದ್ರು. ಸಾಲಲ್ಲಿ ಮೊದಲನೇ ಹೆಸರು ಯಾವತ್ತೂ ದೊರೆಗೈ ಮನೇದೇ. ದೊರೆಗೈ ಮನೆ ಬೋರಯ್ಯ ಅಂತ ತನ್ನ ಹಿರೀಮಗನ ಹೆಸರನ್ನೇ ಮೊದಲು ಕೂಗಿದ. ಬೋರಯ್ಯ ಓ ಅಂದ. ಅವನಿಗೆ ಮದುವೆಯಾಗಿ ಇನ್ನೂ ಎಂಟು ತಿಂಗಳಾಗಿರ್ಲಿಲ್ಲ. ಹೆಂಡ್ತಿ ಪಾಲಕ್ಕ ಬುತ್ತಿ ಕಟ್ಟಿಕೊಟ್ಟು, ಗಡಿಕಲ್ಲಿನ ತನಕ ಬಂದು ನಿಂತಿದ್ದಳು.

ನವಣೆ ಕೊಯ್ಲು ಬಂತು. ದಂಡು ಬರ್ಲಿಲ್ಲ. ಕಣ ಮುಗೀತು. ದಂಡು ಬರ್ಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬರೋಕೆ ಶುರುವಾದ್ರು. ಒಬ್ಬ ಕುಂಟ್ಕೊಂಡು ಬಂದ, ಇನ್ನೊಬ್ಬ ಕೈಯಿಲ್ಲದೆ ಬಂದ, ಒಬ್ಬ ಬಂದು ನಾಲ್ಕು ದಿನ ಮಾತೇ ಆಡ್ಲಿಲ್ಲ. ಎಲ್ಲಾ ಸೇರಿ ಇಪ್ಪತ್ತೆರಡು ಜನ. ಅವರು ನೆಟ್ಟಗೆ ಗಾದ್ರಪ್ಪನ ಹತ್ರ ಹೋಗಿ, ಬಾಗಿಲು ಮುಂದೆ ಮಾಡಿ ಹೇಳಿದ್ರು. ಉಳಿದ ತೊಂಬತ್ನಾಲ್ಕು ಜನ ಕೋಟೆ ಕಂದಕದಲ್ಲೇ ಹೋದ್ರು, ಒಂದೇ ಹೊತ್ತಾರೆ ಹೋದ್ರು, ನಿಮ್ಮ ಬೋರಯ್ಯ ಎಲ್ಲರಿಗಿಂತ ಮುಂದೆ ಇದ್ದ ಅಂದ್ರು.

ಗಾದ್ರಪ್ಪ ಆವಾಗ್ಲೇ ಬರೋ ಕೂಗು ಕರೀಬೇಕಿತ್ತು. ದೊರೆಗೆ ಹೇಳಿಕಳಿಸಿದ. ಅರಮನೆಯಿಂದ ಉತ್ತರ ಬಂತು: ನಿಮ್ಮ ಜನ ಕೋಟೆ ಕಾವಲಿಗೆ ಅಲ್ಲೇ ನಿಂತವ್ರೆ, ಆರಾಮವಾಗವ್ರೆ, ಬರ್ತಾರೆ, ಈಗ ಬರೋ ಕೂಗಿನ ಅಗತ್ಯ ಏನಿದೆ ಅಂತ. ಸುಳ್ಳು ಅಂತ ಗಾದ್ರಪ್ಪನಿಗೆ ಗೊತ್ತು. ಆದ್ರೂ ಆ ಸುಳ್ಳು ಅವನಿಗೆ ಬೇಕಾಗಿತ್ತು ಕಣ್ರವ್ವ. ಇಪ್ಪತ್ತೆರಡು ಜನರ ಕೈ ಹಿಡಿದು ಯಾರಿಗೂ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡ. ಬಂದೋರು ಯುದ್ಧಕ್ಕೆ ಮುಂಚೇನೇ ಪೆಟ್ಟು ತಿಂದು ಬಂದವ್ರೆ, ಅವರಿಗೇನೂ ಗೊತ್ತಿಲ್ಲ ಅಂತ ಊರಿಗೆ ಹೇಳಿದ. ಹೆಂಗಸರು ಬಂದು ಕೇಳಿದ್ರೆ ಬರ್ತಾರೆ ತಾಯೀ, ಕೋಟೇಲವ್ರೆ ಅಂತಿದ್ದ.

ಯಾಕೆ ಹೇಳ್ಲಿಲ್ಲ ಅಂತ ಅಂಬಿಕಾ ಕೇಳ್ತಾವ್ಳೆ. ಹೊಸ ಸೊಸೆ, ಕೇಳ್ತಾಳೆ. ನೀನು ಕೂಗು ಕೊಟ್ಟು ಕಳಿಸಿದ ತೊಂಬತ್ನಾಲ್ಕು ಮನೆ ಬಾಗಿಲಿಗೆ ಹೋಗಿ ಬಳೆ ತೆಗಿರಿ ಅನ್ನೋಕೆ ನಿನಗೆ ಬಾಯಿ ಬರ್ತದೇನೆ? ಅವನಿಗೂ ಬರ್ಲಿಲ್ಲ. ಮೊದಲು ತನ್ನ ಮನೇಲೇ ಹೇಳ್ಬೇಕಿತ್ತು. ಅಡುಗೆಮನೇಲಿ ಪಾಲಕ್ಕ ಮುದ್ದೆ ತೊಳಸ್ತಾ ಇದ್ದಳು. ನಾಳೆ ಹೇಳ್ತೀನಿ ಅಂದ್ಕೊಂಡ. ಆ ನಾಳೆ ಹನ್ನೆರಡು ವರ್ಷ ಆಯ್ತು.

ಹನ್ನೆರಡು ವರ್ಷ ಪಾಲಕ್ಕ ಗಂಡ ಉಣ್ಣೋ ತಣಿಗೆ ತೊಳೆದು ಇಟ್ಟಳಂತೆ. ಹನ್ನೆರಡು ವರ್ಷ ಹಬ್ಬಕ್ಕೆ ಹೊಸ ಬಳೆ ಇಟ್ಕೊಂಡಳಂತೆ. ಮಾವನ ಎದುರಿಗೇ ಕೂತು ಬಳೆ ಇಡಿಸ್ಕೊಳ್ತಿದ್ದಳು, ಮಾವ ಎದ್ದು ಹಿತ್ತಲಿಗೆ ಹೋಗ್ತಿದ್ದ. ತೊಂಬತ್ನಾಲ್ಕು ಮನೇಲೂ ಇದೇ ಕಥೆ. ಅಳೋ ಹಂಗಿಲ್ಲ, ನಗೋ ಹಂಗಿಲ್ಲ.

ಹದಿಮೂರನೇ ವರ್ಷ, ಬೇಸಿಗೆ ಆಗ ತಾನೇ ಶುರುವಾಗಿತ್ತು, ಅರಮನೆಯಿಂದ ದಳವಾಯಿ ಬಂದ. ಇಪ್ಪತ್ತು ಕುದುರೆ ಸವಾರರು ಜೊತೇಲಿ. ಗಾದ್ರಪ್ಪನ ಜಗಲಿ ಮೇಲೆ ಕಾಲು ಚಾಚಿ ಕೂತು, ಮತ್ತೆ ಯುದ್ಧ ಇದೆ, ಅದೇ ಬಡಗಲ ಕೋಟೆ, ಎಂಟು ದಿನದೊಳಗೆ ನಗಾರಿ ಬಡಿ ಅಂದ. ಮನೆಗೊಬ್ಬ, ನೂರಾಹದಿನಾರು ಜನ.

ಗಾದ್ರಪ್ಪ ಮನೆಮನೆ ಲೆಕ್ಕ ಹಾಕಿದ. ಆ ಮನೆಗಳಲ್ಲಿ ಉಳಿದಿದ್ದವರು ಯಾರು? ಆವಾಗ ಎದೆಹಾಲು ಕುಡೀತಿದ್ದೋರಿಗೆ ಈಗ ಹದಿಮೂರು, ಅಂಗಳದಲ್ಲಿ ಆಡ್ತಿದ್ದೋರಿಗೆ ಈಗ ಹದಿನೆಂಟು. ಎಷ್ಟೋ ಮನೇಲಿ ಇದ್ದದ್ದೇ ಒಬ್ಬ ಗಂಡಸು. ಗಾದ್ರಪ್ಪನ ಮನೇಲೂ ಕಿರೀಮಗ ಕಾಟಯ್ಯ ಒಬ್ಬನೇ. ಅವನನ್ನ ಎತ್ತಿ ಆಡಿಸಿ ಬೆಳೆಸಿದೋಳು ಅತ್ತಿಗೆ ಪಾಲಕ್ಕ.

 ಗಾದ್ರಪ್ಪ ಹೇಳಿದನಂತೆ, ಬಡೀತೀನಿ, ಆದ್ರೆ ಹಳೇ ದಂಡಿನ ಬರೋ ಕೂಗು ಬಾಕಿ ಇದೆ, ಅದು ಮೊದಲು ಆಗ್ಲಿ, ದೊರೆಗಳು ಬಂದು ನಿಂತು ಕೇಳ್ಲಿ. ದಳವಾಯಿ ನಕ್ಕ. ಅವರು ಕೋಟೇಲವ್ರೆ ಅಂತ ಅರಮನೆಯೇ ಹೇಳಿದೆಯಲ್ಲ, ಅರಮನೆ ಮಾತು ಸುಳ್ಳು ಅಂತೀಯಾ ಅಂದ. ಗಾದ್ರಪ್ಪ ಹೌದು ಅಂದ.

 ದಳವಾಯಿ ಕಾಲು ಮಡಚ್ಕೊಂಡು ನೆಟ್ಟಗೆ ಕೂತ. ಆಗ್ಲಿ, ದೊರೆಗಳನ್ನ ಕರ್ಕೊಂಡು ಬರ್ತೀನಿ, ಸಾಲಲ್ಲಿ ಮೊದಲ ಮನೆ ನಿಂದೇ ತಾನೆ, ಮೂರು ಸಲ ಕೂಗಿದ್ಮೇಲೂ ನಿನ್ನ ಮನೆ ಹೆಣ್ಣು ಬಾಯಿ ಬಿಡ್ಲಿಲ್ಲ ಅಂದ್ರೆ ಅರಮನೆಗೆ ಸುಳ್ಳು ಹೊರಿಸಿದ ತಪ್ಪಿಗೆ ಅದೇ ಕಲ್ಲಿನ ಹತ್ರ ನಿನ್ನ ತಲೆ ತೆಗೀತೀನಿ ಅಂದ. ಎದ್ದು ಕುದುರೆ ಹತ್ತಿದ.

ಒಳಗೆ ಬಾಗಿಲ ಹಿಂದೆ ಪಾಲಕ್ಕ ನಿಂತು ಎಲ್ಲಾ ಕೇಳ್ತಿದ್ದಳು.

ಗಾದ್ರಪ್ಪ ಒಳಗೆ ಬಂದ. ಅವಳ ಮುಖ ನೋಡೋಕಾಗ್ದೆ ನೆಲ ನೋಡ್ಕೊಂಡು, ಬೋರಯ್ಯ ಇಲ್ಲ ಕಣವ್ವ, ಹನ್ನೆರಡು ವರ್ಷದಿಂದ ಇಲ್ಲ ಅಂದ. ಪಾಲಕ್ಕ ಅಳ್ಲಿಲ್ಲ. ಕೂಗಾಡ್ಲಿಲ್ಲ. ಗೊತ್ತಿತ್ತಾ ಮಾವ ಅಂತ ಕೇಳಿದಳು. ಗೊತ್ತಿತ್ತು ಅಂದ. ಇನ್ನೊಂದ್ಸಲ ಕೇಳಿದಳು, ನಾನು ತಣಿಗೆ ತೊಳೆದು ಇಡೋವಾಗೆಲ್ಲ ಗೊತ್ತಿತ್ತಾ? ಗೊತ್ತಿತ್ತು ಅಂದ.

ಅವಳು ಹೇಳಿದ ಮಾತು ಈ ಮನೆ ಸೊಸೆಯರೆಲ್ಲ ಬಾಯಿಂದ ಬಾಯಿಗೆ ಉಳಿಸ್ಕೊಂಡು ಬಂದೀವಿ. ಗಂಡನ್ನ ದೊರೆ ಕಿತ್ಕೊಂಡ, ಅಳೋದನ್ನ ನೀನು ಕಿತ್ಕೊಂಡೆ ಅಂದಳಂತೆ. ಅಷ್ಟು ಹೇಳಿ ಒಳಕೋಣೆಗೆ ಹೋಗಿ ಅಗುಳಿ ಹಾಕ್ಕೊಂಡಳು. ಗಾದ್ರಪ್ಪ ಬಾಗಿಲ ಹೊರಗೆ ನಿಂತು, ಕಲ್ಲಿನ ಹತ್ರ ಬರ್ತೀಯಾ ತಾಯಿ ಅಂತ ಕೇಳಿದ. ಅವಳು ಅಗುಳಿ ತೆಗೀಲಿಲ್ಲ.

ಮಾರನೇ ದಿನದಿಂದ ಗಾದ್ರಪ್ಪ ನಡೆಯೋಕೆ ಶುರು ಮಾಡಿದ. ಹನ್ನೆರಡು ಹಳ್ಳಿ, ತೊಂಬತ್ನಾಲ್ಕು ಮನೆ. ಒಂದೊಂದು ಬಾಗಿಲಲ್ಲೂ ರುಮಾಲು ತೆಗೆದು ಕಂಕುಳಲ್ಲಿ ಇಟ್ಕೊಂಡು, ನಿನ್ನ ಗಂಡ ಸತ್ತ ತಾಯೀ, ನಿನ್ನ ಮಗ ಸತ್ತ ತಾಯೀ, ನನಗೆ ಗೊತ್ತಿತ್ತು, ಹೇಳ್ಲಿಲ್ಲ ಅಂತ ಹೇಳಿದ. ಕಲ್ಲಿನ ಹತ್ರ ಬಂದು ಬಂದಿಲ್ಲ ಅನ್ನಿ, ಉಳಿದೋನನ್ನಾದ್ರೂ ಉಳಿಸ್ಕೊಳ್ಳಿ ಅಂತ ಬೇಡ್ಕೊಂಡ. ಒಬ್ಬಳು ಮುಖಕ್ಕೆ ಸಗಣಿ ನೀರು ಎರಚಿದಳು. ಒಬ್ಬಳು ಬಾಗಿಲೇ ತೆಗೀಲಿಲ್ಲ. ಒಬ್ಬ ಮುದುಕಿ, ಎಂಬತ್ತು ದಾಟಿದೋಳು, ಹೋಗೋ ಸುಳ್ಳ, ನನ್ನ ಮಗ ಮೊನ್ನೆ ಕನಸಲ್ಲಿ ಬಂದು ನೀರು ಕೇಳಿದ ಅಂದಳಂತೆ. ಗಾದ್ರಪ್ಪ ಅವಳ ಕಾಲು ಹಿಡಿದ. ಹೋಗೋ ಅಂದಳು.

ಯಾರು ಬರ್ತೀನಿ ಅಂದ್ರು? ಯಾರೂ ಅನ್ನಲಿಲ್ಲ. ಬರಲ್ಲ ಅಂತಾನೂ ಅನ್ನಲಿಲ್ಲ. ಏಳು ದಿನ ನಡೆದು ನಡೆದು ಅವನ ಪಾದ ಸೀಳಿತ್ತು. ಮನೆಗೆ ಬಂದ್ರೆ ಮುದ್ದೆ ಸಾರು ಮುಚ್ಚಿಟ್ಟಿರ್ತಿತ್ತು, ಪಾಲಕ್ಕ ಕಾಣ್ತಿರ್ಲಿಲ್ಲ. ನೀವೇ ಹೇಳಿ, ಬಂದಿಲ್ಲ ಅಂದ್ರೆ ಅವಳು ತನ್ನ ಬಾಯಲ್ಲೇ ತಾನು ಮುಂಡೆ ಆಗ್ಬೇಕು. ಅನ್ನದಿದ್ರೆ ಕಾಟಯ್ಯ ಹೋಗ್ತಾನೆ, ಮಾವನ ತಲೇನೂ ಹೋಗ್ತದೆ. ಮಾವನ ತಲೆ ಹೋದ್ರೆ ಹೋಗ್ಲಿ ಅಂತ ಅವಳಿಗೆ ಅನ್ನಿಸಿರ್ಲಿಲ್ಲ ಅಂತ ನಾನಂತೂ ಆಣೆ ಮಾಡಲ್ಲ.

ಎಂಟನೇ ದಿನ ದೊರೆ ಬಂದ. ಮುನ್ನೂರು ಕುದುರೆ ಬಂದ್ವು ಅಂತ ಹೇಳ್ತಾರೆ, ಸಾವಿರ ಅಂತಾನೂ ಹೇಳ್ತಾರೆ. ಎಷ್ಟಾದ್ರೂ ಇರ್ಲಿ, ಧೂಳು ಮಾತ್ರ ಊರು ಮುಚ್ಚೋವಷ್ಟು ಎದ್ದಿತ್ತಂತೆ. ಗಾದ್ರಪ್ಪ ಕೆಂಪು ರುಮಾಲು ಸುತ್ತಿ, ಕತ್ತಿ ಕಟ್ಟಿ, ಗಡಿಕಲ್ಲಿನ ಹತ್ರ ಎಲೆ ಅಡಿಕೆ ತಟ್ಟೆ ಹಿಡ್ಕೊಂಡು ನಿಂತಿದ್ದ. ಅವನ ಹಿಂದೆ ಬಯಲು ತುಂಬ ಜನ. ಹೆಂಗಸರು ಒಂದು ಕಡೆ ಗುಂಪಾಗಿ ಕುಂತಿದ್ರು, ಸೆರಗು ಮುಖದ ಮೇಲೆ ಎಳ್ಕೊಂಡು. ಅವರಲ್ಲಿ ಪಾಲಕ್ಕ ಇದ್ದಾಳೋ ಇಲ್ವೋ ಅವನಿಗೆ ಕಾಣ್ಲಿಲ್ಲ.

ದೊರೆಗೆ ನಲವತ್ತರ ಆಸುಪಾಸು. ಕೆಟ್ಟೋನಲ್ಲ ಅಂತ ನಮ್ಮತ್ತೆ ಹೇಳ್ತಿದ್ದಳು. ಆದ್ರೆ ತನಗೆ ಬೇಡದ್ದನ್ನ ಕಿವಿಗೆ ಹಾಕ್ಕೊಳ್ದೆ ಬೆಳೆದೋನು. ತಟ್ಟೆ ಮುಟ್ಟಿ, ನಗಾರಿ ಎಲ್ಲಿ ಅಂತ ಕೇಳಿದ. ಗಾದ್ರಪ್ಪ ಮಂಡಿಯೂರಿ, ಬುದ್ಧೀ, ಮೊದಲು ಬರೋ ಕೂಗು, ನಿಮ್ಮ ಹಿರೀಕರು ಮಾಡಿದ್ದು ಅಂದ. ದೊರೆ ಸುತ್ತ ನೋಡಿದ. ಹನ್ನೆರಡು ಹಳ್ಳಿ ಅವನನ್ನೇ ನೋಡ್ತಿದೆ. ಇಲ್ಲ ಅಂದ್ರೆ ನಗಾರಿ ಬಡಿದ್ರೂ ಯಾವನೂ ಏಳಲ್ಲ ಅಂತ ಅವನಿಗೂ ಗೊತ್ತು. ರುಮಾಲು ತೆಗೆದು ಸೇವಕನ ಕೈಗೆ ಕೊಟ್ಟ. ಎಕ್ಕಡ ಬಿಟ್ಟ. ಛತ್ರಿ ಹಿಡಿದೋನು ಹಿಂದೆ ಸರಿದ. ಬೇಸಿಗೆ ಬಿಸಿಲಿಗೆ ನೆಲ ಕಾದು ಹೆಂಚಾಗಿತ್ತು. ದಳವಾಯಿ ಬಂದು ಗಾದ್ರಪ್ಪನ ಎಡಗಡೆ ನಿಂತು ಕತ್ತಿ ಹಿಡಿ ಮೇಲೆ ಕೈಯಿಟ್ಟ.

ಗಾದ್ರಪ್ಪ ಕೂಗಿದ. ದೊರೆಗೈ ಮನೆ ಬೋರಯ್ಯ.

ಯಾರೂ ಮಾತಾಡ್ಲಿಲ್ಲ. ಕುದುರೆ ಒಂದು ಕಾಲು ಕೆರೀತು ಅಷ್ಟೆ.

ಎರಡನೇ ಸಲ ಕೂಗಿದ. ದೊರೆಗೈ ಮನೆ ಬೋರಯ್ಯ. ಹೆಂಗಸರ ಗುಂಪಲ್ಲಿ ಒಂದು ಸೆರಗೂ ಅಲ್ಲಾಡ್ಲಿಲ್ಲ. ದಳವಾಯಿ ಕತ್ತಿಯನ್ನ ಒರೆಯಿಂದ ಒಂದು ಗೇಣು ಎಳೆದ. ಆ ಕಡೆ ಕಾಟಯ್ಯ ಎದ್ದು ನಿಂತ, ಪಕ್ಕದೋರು ಅವನನ್ನ ಹಿಡಿದು ಕೂರಿಸಿದ್ರು. ಇನ್ನೊಂದು ಕೂಗು ಉಳಿದಿತ್ತು. ಒಂದೇ ಒಂದು.

ಗಾದ್ರಪ್ಪ ಬಾಯಿ ತೆರೆದ. ಮೂರೂರಿಗೆ ಕೇಳ್ತಿದ್ದ ಗಂಟಲು ಅವತ್ತು ಮುಂದಿನ ಸಾಲಿಗೂ ಕೇಳ್ಲಿಲ್ಲ. ಬೋರಯ್ಯ ಅಂತ ತುಟಿ ಆಡಿತಂತೆ, ಉಸಿರು ಬಂತಂತೆ, ಸ್ವರ ಬರ್ಲಿಲ್ಲ. ಕಣ್ಣಲ್ಲಿ ನೀರು ಇಳೀತಿತ್ತು. ದಳವಾಯಿ ಮೂರಾಯ್ತು ಅಂದ.

ಆವಾಗ ಗುಂಪಿನ ಹಿಂದಿಂದ ಒಬ್ಬಳು ಎದ್ದಳು. ಸೆರಗು ಹಿಂದಕ್ಕೆ ಹಾಕಿದಳು. ಜನ ದಾರಿ ಬಿಟ್ರು. ಪಾಲಕ್ಕ ನೆಟ್ಟಗೆ ಬಂದು ಮಾವನ ಎದುರಿಗೆ ನಿಂತಳು, ದೊರೆ ಇದ್ದ ಕಡೆ ತಿರುಗಿಯೂ ನೋಡ್ಲಿಲ್ಲ. ನನಗೇ ಕೇಳ್ಲಿಲ್ಲ, ಅದು ಮೂರು ಹೆಂಗಾಗ್ತದೆ ಅಂದಳು. ಆಮೇಲೆ ಮಾವನಿಗೆ ಹೇಳಿದಳು, ಗಟ್ಟಿಯಾಗಿ ಕೂಗು ಮಾವ, ದೊರೆಗೆ ಕೇಳ್ಲಿ.

ಗಾದ್ರಪ್ಪ ಕೂಗಿದ. ಆ ಕೂಗಿಗೆ ಕುದುರೆಗಳು ಹಿಂದೆ ಸರಿದ್ವು ಅಂತ ಹೇಳ್ತಾರೆ. ಈ ಮಾತನ್ನ ಮಾತ್ರ ನಾನು ನಂಬ್ತೀನಿ. ದೊರೆಗೈ ಮನೆ ಬೋರಯ್ಯ ಅಂತ ಕೂಗಿದ.

ಬಂದಿಲ್ಲ ಅಂದಳು ಪಾಲಕ್ಕ.

ಅಂದು, ಅಲ್ಲೇ ಗಡಿಕಲ್ಲಿಗೆ ಎರಡೂ ಕೈ ಬಡಿದು ಬಳೆ ಒಡ್ಕೊಂಡಳು. ದಳವಾಯಿ ಕತ್ತಿ ಒಳಗೆ ಹೋಯ್ತು. ಗಾದ್ರಪ್ಪ ಎರಡನೇ ಮನೆ ಹೆಸರು ಕೂಗಿದ. ಬಂದಿಲ್ಲ ಅಂತ ಒಬ್ಬಳು ಎದ್ದಳು. ಮೂರನೇ ಮನೆ. ಬಂದಿಲ್ಲ. ನಾಲ್ಕನೇ ಮನೆ, ಕೈಯಿಲ್ಲದೋನು ಎದ್ದು ಬಂದೆ ಅಂದ. ಐದನೇ ಮನೆ. ಬಂದಿಲ್ಲ. ಸಗಣಿ ನೀರು ಎರಚಿದೋಳು ಎದ್ದಳು, ಬಾಗಿಲು ತೆಗೀದೋಳು ಎದ್ದಳು. ಬಳೆ ಚೂರು ಕಲ್ಲಿನ ಬುಡದಲ್ಲಿ ಬೀಳ್ತಾನೇ ಇದ್ವು. ದೊರೆ ಮೊದಮೊದಲು ಕಾಲು ಬದಲಾಯಿಸ್ತಿದ್ದ, ಬಿಸಿ ತಡೀದೆ. ಆಮೇಲೆ ಅದನ್ನೂ ಬಿಟ್ಟ. ಸುಮ್ಮನೆ ನಿಂತ.

ಅರವತ್ತನೇ ಮನೆಯೋ ಅರವತ್ತೊಂದೋ ಇರ್ಬೇಕು. ಆ ಎಂಬತ್ತು ದಾಟಿದ ಮುದುಕಿಯನ್ನ ಇಬ್ಬರು ಎತ್ಕೊಂಡು ಬಂದು ನಿಲ್ಲಿಸಿದ್ರು. ಮಗನ ಹೆಸರು ಕೂಗಿದ್ರೆ ಅವಳು ದೊರೆ ಮುಖ ನೋಡಿ, ನೀನು ನೋಡ್ದೇನಪ್ಪ ಅವನನ್ನ, ಕೊನೇಗೆ ನೀರು ಕೊಟ್ರಾ ಅಂತ ಕೇಳಿದಳು. ದೊರೆ ತಡ್ಕೊಳ್ಳೋಕಾಗ್ಲಿಲ್ಲ. ಸಾಕು, ಸಾಕು ನಿಲ್ಸಿ ಅಂದುಬಿಟ್ಟ.

 ದೊರೆ ಮಾತಾಡಿದ್ದ. ಗಾದ್ರಪ್ಪ ದೊರೆ ಮುಖ ನೋಡಿದ, ಜನರ ಮುಖ ನೋಡಿದ. ಬಿಟ್ಟು ಮುಂದಕ್ಕೆ ಹೋಗ್ಬಹುದಿತ್ತು. ಹೋಗಿದ್ರೆ ನಿಯಮ ತಪ್ಪಿತು, ಆ ಕೂಗು ಲೆಕ್ಕಕ್ಕಿಲ್ಲ ಅಂತ ನಾಳೆ ದಳವಾಯಿ ಬರ್ತಾನೆ. ಗಾದ್ರಪ್ಪ ಉಸಿರೆಳ್ಕೊಂಡು ಮೊದಲಿಂದ ಶುರು ಮಾಡಿದ. ದೊರೆಗೈ ಮನೆ ಬೋರಯ್ಯ.

ದಳವಾಯಿ ಪೂರ್ತಿ ಕತ್ತಿ ಹಿರಿದ. ದೊರೆ ಅವನನ್ನ ತಡೀಬೇಕು, ಆದ್ರೆ ಬಾಯಿ ಬಿಟ್ರೆ ಮತ್ತೆ ಮೊದಲಿಂದ. ಕೈ ಎತ್ತಿ ಅಡ್ಡ ಹಿಡಿದ. ದಳವಾಯಿ ಹಿಂದೆ ಸರಿದ. ಪಾಲಕ್ಕ ಬಂದು ನಿಂತಳು. ಒಂದು ಸಲ ಹೇಳೋದೇ ಕಷ್ಟ, ಎರಡನೇ ಸಲ ಹೇಳ್ಬೇಕು. ಹೇಳಿದಳು. ಬಂದಿಲ್ಲ. ಒಬ್ಬಳೂ ಹಿಂದೆ ಉಳೀಲಿಲ್ಲ. ಮುದುಕಿಯ ಸರದಿ ಬಂದಾಗ ಅವಳೂ ಬಂದಿಲ್ಲ ಅಂದಳು. ಹೊತ್ತು ಇಳಿಯೋವರೆಗೂ ನಡೀತು. ತೊಂಬತ್ನಾಲ್ಕು ಸಲ ಬಂದಿಲ್ಲ, ಇಪ್ಪತ್ತೆರಡು ಸಲ ಬಂದೆ. ಅಷ್ಟೂ ಹೊತ್ತು ದೊರೆ ಬರಿಗಾಲಲ್ಲಿ ನಿಂತಿದ್ದ.

ಮುಗಿದ ಮೇಲೆ ಅವನು ಯಾರನ್ನೂ ಕೇಳ್ಲಿಲ್ಲ. ತೊಂಬತ್ನಾಲ್ಕು ಮನೆ ಬಿಡುಗಡೆ ಆಗಿತ್ತು, ಉಳಿದ ಇಪ್ಪತ್ತೆರಡರಲ್ಲಿ ಕುಂಟರು, ಮುದುಕರು. ಎಕ್ಕಡ ಹಾಕ್ಕೊಳ್ದೇನೇ ಕುದುರೆ ಹತ್ತಿದನಂತೆ. ಹೋಗೋವಾಗ ಒಂದೇ ಮಾತು ಹೇಳಿದ, ಇನ್ಮೇಲೆ ನನ್ನ ಸೀಮೇಲಿ ಯಾವ ದೊರೆಗೈ ಹತ್ರಾನೂ ನಗಾರಿ ಇರ್ಬಾರದು. ಸಿಟ್ಟಿಂದ ಹೇಳಿದ ಅಂತ ಕೆಲವರು, ನಾಚಿಕೆಯಿಂದ ಹೇಳಿದ ಅಂತ ಕೆಲವರು. ನಗಾರಿಯನ್ನ ಗಾಡಿ ಮೇಲೆ ಹಾಕ್ಕೊಂಡು ಹೋದ್ರು. ಆಮೇಲಿಂದ ದೊರೆಗಳು ಸಂಬಳ ಕೊಟ್ಟು ಬೇರೆ ದಂಡು ಕಟ್ಕೊಂಡ್ರು. ದೊರೆಗೈಗೆ ರುಮಾಲು ಉಳೀತು, ಕತ್ತಿ ಉಳೀತು, ಎಲೆ ಅಡಿಕೆ ತಟ್ಟೆ ಉಳೀತು. ದೊರೆಗೈ ಅನ್ನೋದು ಬರೀ ಶೃಂಗಾರ ಆಗಿದ್ದು ಹಿಂಗೆ. ಅಧಿಕಾರ ಹೋಯ್ತು ಅಂತ ನಮ್ಮ ಗಂಡಸರು ಈಗಲೂ ಮೀಸೆ ಕೆಳಗೆ ಮಾಡ್ಕೊಂಡು ಹೇಳ್ತಾರೆ. ಹೋಗಿದ್ದೇ ಒಳ್ಳೇದಾಯ್ತು ಅಂತ ನಾನು ಹೇಳ್ತೀನಿ.

ಗಾದ್ರಪ್ಪ ಅವತ್ತಿಂದ ಮಾತು ಬಿಟ್ಟ. ಗಂಟಲು ಹರಿದುಹೋಯ್ತು ಅಂತ ಹೇಳ್ತಾರೆ, ದಳವಾಯಿ ಆಮೇಲೆ ಬಂದು ನಾಲಿಗೆ ಕೊಯ್ಸಿದ ಅಂತಾನೂ ಹೇಳ್ತಾರೆ. ಅದೆಲ್ಲ ಏನೂ ಇಲ್ಲ. ಮಾತಾಡೋಕೆ ಅವನಿಗೆ ಮನಸ್ಸಿರ್ಲಿಲ್ಲ. ಪಾಲಕ್ಕ ಹೊತ್ತು ಹೊತ್ತಿಗೆ ಊಟ ಇಡ್ತಿದ್ದಳು, ಇಟ್ಟು ಒಳಗೆ ಹೋಗ್ತಿದ್ದಳು. ಅವಳೂ ಮಾತಾಡಿಸ್ಲಿಲ್ಲ. ಒಂದೇ ಮನೇಲಿ ಇಬ್ಬರು ಹಂಗೆ ಒಂದು ವರ್ಷ ಕಳೆದ್ರು.

ವರ್ಷ ತಿರುಗಿ ಯುಗಾದಿ ಬಂತು. ಅವತ್ತು ಬೆಳಿಗ್ಗೆ ಪಾಲಕ್ಕ ಯಾರಿಗೂ ಹೇಳ್ದೆ ಕೇಳ್ದೆ ಗಡಿಕಲ್ಲಿನ ಹತ್ರ ಹೋದಳು. ಹೋಗಿ ನಿಂತು ಕೂಗಿದಳು. ಹೆಣ್ಣು ಕೂಗಿದ್ದನ್ನ ಆ ಸೀಮೆ ಅದುವರೆಗೂ ಕೇಳಿರ್ಲಿಲ್ಲ. ಜನ ಎಲ್ಲಾ ಮಾಡ್ತಿದ್ದ ಕೆಲಸ ಬಿಟ್ಟು ಓಡಿ ಬಂದ್ರು. ಗಾದ್ರಪ್ಪನೂ ಕೋಲು ಊರ್ಕೊಂಡು ಬಂದ. ಅವಳು ಸತ್ತೋರ ಹೆಸರು ಕೂಗ್ಲಿಲ್ಲ. ದೊರೆಗೈ ಮನೆ ಕಾಟಯ್ಯ ಅಂತ ಕೂಗಿದಳು.

ಯಾರಿಗೂ ತಿಳೀಲಿಲ್ಲ ಏನನ್ಬೇಕು ಅಂತ. ಕಾಟಯ್ಯ ಅಲ್ಲೇ ನಿಂತವ್ನೆ, ಬಾಯಿ ತೆರೆದ. ಅವಳು ಕೈಯೆತ್ತಿ ಅವನನ್ನ ಸುಮ್ಮನಿರಿಸಿ ಮಾವನ ಮುಖವನ್ನೇ ನೋಡಿದಳು. ಎರಡನೇ ಸಲ ಕೂಗಿದಳು. ಗಾದ್ರಪ್ಪ ಕೋಲು ಊರಿ ಒಂದು ಹೆಜ್ಜೆ ಮುಂದೆ ಬಂದ. ಮೂರನೇ ಸಲ ಕೂಗಿದಳು, ಅವಸರ ಮಾಡ್ದೆ.

ಮನೇಲವ್ನೆ ಅಂದ ಗಾದ್ರಪ್ಪ. ಒಂದು ವರ್ಷಕ್ಕೆ ಅದೇ ಅವನ ಮೊದಲನೇ ಮಾತು. ಅಂದು, ಕೋಲು ಬಿಟ್ಟು ನೆಲದ ಮೇಲೆ ಕೂತು ಮಗು ಹಂಗೆ ಅತ್ತನಂತೆ. ಪಾಲಕ್ಕ ಅವನು ಅಳೋದು ಮುಗಿಯೋವರೆಗೂ ಕಾದಳು. ಆಮೇಲೆ ಎರಡನೇ ಮನೆ ಹೆಸರು ಕೂಗಿದಳು.

ಈಗಲೂ ನಮ್ಮಲ್ಲಿ ಹಂಗೇ ನಡೀತದೆ. ರುಮಾಲು ಸುತ್ತಿ ಕತ್ತಿ ಹಿಡ್ಕೊಂಡು ಈ ಮನೆ ಗಂಡಸು ನಿಲ್ತಾನೆ, ನಿಂತಿರ್ಲಿ ಪಾಪ, ಚೆನ್ನಾಗಿ ಕಾಣ್ತಾನೆ. ಕೂಗೋದು ಸೊಸೆ. ಒಂದೊಂದು ಮನೇಲೂ ಬೆಳೆದ ಗಂಡುಮಕ್ಕಳ ಹೆಸರು ಹಿಡಿದು ಕೂಗ್ತೀವಿ, ಆ ಮನೆ ಹಿರಿಯರು ಮನೇಲವ್ನೆ ಅಂತಾರೆ. ಲಾರಿ ತಗೊಂಡು ಹುಬ್ಬಳ್ಳಿಗೆ ಹೋಗಿದ್ರೂ ಅವತ್ತು ಬಂದು ಕಣ್ಣಿಗೆ ಕಾಣ್ಬೇಕು. ಕಲೆಕ್ಟರ್ ಸಾಹೇಬರು ಬಂದ್ರೂ ಕಾರು ಇಳಿದು, ಬೂಟು ಬಿಚ್ಚಿ, ಬಾಯಿ ಮುಚ್ಕೊಂಡು ನಿಲ್ತಾರೆ. ನಾನು ನಲವತ್ತೊಂದು ಯುಗಾದಿ ಕೂಗಿದೀನಿ, ಈ ಸಲ ಆಗಲ್ಲ, ಉಬ್ಬಸ. ನಾಳೆ ಬೆಳಿಗ್ಗೆ ಅಂಬಿಕಾ ಕೂಗ್ತಾಳೆ.

ಹೆಸರೆಲ್ಲ ನಿನಗೆ ಬಾಯಿಪಾಠ ಆಗಿದೆ, ಅದರ ಯೋಚನೆ ಬೇಡ ಕಣೆ. ಒಂದು ಹೇಳ್ತೀನಿ, ನೆನಪಿಟ್ಕೋ. ಕೆಲವು ಮನೆಯೋರು ಮಗನ ಮುಖ ನೋಡ್ತಾ ನಿಂತುಬಿಡ್ತಾರೆ, ತಡ ಮಾಡ್ತಾರೆ. ಮಾಡ್ಲಿ. ಅವರು ಮನೇಲವ್ನೆ ಅನ್ನೋವರೆಗೂ ಮುಂದಿನ ಹೆಸರು ಎತ್ತಬೇಡ.